ಶಾಶ್ವತವಾಗಿ ಮುಚ್ಚಿದೆಯೇ?

ಸೆಪ್ಟೆಂಬರ್ 2, ಮಂಗಳವಾರ

ನಮ್ಮ ಅಂಗಡಿ ಮುಚ್ಚಿಹೋಗಿದೆ ಎಂದು ನನಗೆ ಮೊದಲು ಹೇಳಿದವನು ದರ್ಜಿ ಕಾಲರ್. ಇವತ್ತು ಬೆಳಿಗ್ಗೆ ಹತ್ತೂವರೆಗೆ, ಅಂಗಡಿಯ ಒಳಗೇ ನಿಂತುಕೊಂಡು ಹೇಳಿದ.

ಯಾವ ಸುದ್ದಿಯೇ ಆಗಲಿ, ಯಾರು ಹೇಳಿದರು, ಎಷ್ಟು ಹೊತ್ತಿಗೆ ಹೇಳಿದರು ಎಂಬುದನ್ನು ಮೊದಲು ಒಪ್ಪಿಸಿ, ಮಿಕ್ಕಿದ್ದನ್ನು ಆಮೇಲೆ ಹೇಳಬೇಕೆಂದು ನನ್ನ ಅಜ್ಜಿ ಕಲಿಸಿದ್ದಳು. ಒಪ್ಪಿಸಿದ್ದೇನೆ. ನೀವು ಇದ್ದಿದ್ದರೆ ಸಂಜೆ ಷಟರ್ ಎಳೆದು ಮನೆಗೆ ನಡೆಯುವಾಗ ಇದನ್ನೆಲ್ಲ ನಿಮಗೇ ಹೇಳುತ್ತಿದ್ದೆ. ನೀವು ಹೋಗಿ ಇವತ್ತಿಗೆ ಮೂವತ್ತೆಂಟು ದಿನ. ಹೇಳುವ ಅಭ್ಯಾಸ ಮಾತ್ರ ಹೋಗಿಲ್ಲ. ಅದಕ್ಕೇ ಮಗಳು ಅರ್ಧ ಬರೆದು ಬಿಟ್ಟಿದ್ದ ಈ ನೋಟ್‌ಬುಕ್ಕನ್ನು ಎತ್ತಿಕೊಂಡಿದ್ದೇನೆ.

ಸವೆದ ಕಾಲರನ್ನು ಬಿಚ್ಚಿ, ಮಗುಚಿ ಹೊಲಿದು, ಹಳೆಯ ಅಂಗಿಯನ್ನು ಹೊಸದು ಮಾಡಿಕೊಡುವುದರಲ್ಲಿ ಆ ದರ್ಜಿಯನ್ನು ಮೀರಿಸುವವರು ಈ ಪೇಟೆಯಲ್ಲಿಲ್ಲ ಎಂದು ನೀವೇ ಅವನಿಗೆ ಇಟ್ಟ ಹೆಸರು ಕಾಲರ್. ಎದುರು ಸಾಲಿನಿಂದ ಓಡಿಬಂದವನಿಗೆ ಉಸಿರು ಹತ್ತಿತ್ತು.

"ಅಕ್ಕಾ, ಅಂಗಡಿ ಮುಚ್ಚಿದೆಯಂತೆ!"

"ಹಾಗಾದ್ರೆ ನೀನು ನಿಂತಿರೋದು ಎಲ್ಲಿ? ಬಸ್ ಸ್ಟ್ಯಾಂಡಲ್ಲಾ?"

"ತಮಾಷೆ ಅಲ್ಲ ಅಕ್ಕ. ನನ್ನ ನಾದಿನಿ ಹೊಲಿಗೆ ಮಿಷನ್ ರಿಪೇರಿಗೆ ತರ್ತೀನಿ ಅಂದಿದ್ಲು. ದಾರಿ ನೋಡೋಣ ಅಂತ ಫೋನ್ ತೆಗೆದ್ರೆ ಹೀಗೆ ಬಂತಂತೆ. ಬೇರೆ ಕಡೆ ತಗೊಂಡು ಹೋಗಿಬಿಟ್ಲು."

ಫೋನ್ ತೋರಿಸಿದ. ಗಂಟುಬಿದ್ದ ದಾರದ ಹಾಗೆ ನಮ್ಮ ಬೀದಿಗಳು. ನಡುವೆ ಒಂದು ಚುಕ್ಕೆ. ಚುಕ್ಕೆಯನ್ನು ಮುಟ್ಟಿದರೆ ನಮ್ಮ ಬೋರ್ಡು, ಬೋರ್ಡಿನ ಕೆಳಗೆ ಕಿವಿಯ ಹಿಂದೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ನಗುತ್ತಿರುವ ನೀವು. ನಿಮ್ಮ ಕೆಳಗೆ ಕೆಂಪಕ್ಷರದಲ್ಲಿ: ಶಾಶ್ವತವಾಗಿ ಮುಚ್ಚಲಾಗಿದೆ.

"ಯಾರು ಬರೆದಿದ್ದು ಇದನ್ನ?"

"ಮ್ಯಾಪಿನವರು ಅಕ್ಕ."

"ಮ್ಯಾಪಿನವರು ಅಂದ್ರೆ ಯಾರು? ಎಲ್ಲಿರ್ತಾರೆ?"

ಕಾಲರ್ ತಲೆ ಕೆರೆದುಕೊಂಡ.

ನಾನು ಷಟರ್ ಎತ್ತಲು ಶುರುಮಾಡಿ ಮೂರು ವಾರವಾಯಿತು. ಒಂದು ಮಿಷನ್ನೂ ಬಂದಿಲ್ಲ. ನೀವಿಲ್ಲದ ಅಂಗಡಿಗೆ ಯಾರು ಬರುತ್ತಾರೆ ಎಂದುಕೊಂಡು ಸುಮ್ಮನಿದ್ದೆ. ನಾನು ಕಾವಲು ಕೂರುವವಳು ಅಷ್ಟೇ. ನಿಮ್ಮ ಸಾಮಾನಿನ ಧೂಳು ಹೊಡೆಯುತ್ತೇನೆ, ನಿಮ್ಮ ಸ್ಟೂಲಿನ ಮೇಲೆ ಕೂರುವುದಿಲ್ಲ.

ಸೆಪ್ಟೆಂಬರ್ 3, ಬುಧವಾರ

ಮಹಡಿ ಮೇಷ್ಟ್ರು ಇಳಿದುಬಂದಿದ್ದರು. ಕಟ್ಟಡ ಅವರದು, ವಾಸ ನಮ್ಮ ತಲೆಯ ಮೇಲೆ. ಪಾಠ ಹೇಳುವುದನ್ನು ಬಿಟ್ಟು ಹತ್ತು ವರ್ಷವಾದರೂ ಏನಾದರೂ ಹೇಳುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದನ್ನು ಬಿಟ್ಟಿಲ್ಲ. ಷಟರಿನ ಪಕ್ಕ ಓರೆಯಾಗಿ ನಿಂತು ಎರಡು ಸಲ ಸರಿಮಾಡಿಕೊಂಡರು. ಒಳ್ಳೆಯ ಸುದ್ದಿಯಲ್ಲ ಎಂದು ಆಗಲೇ ಗೊತ್ತಾಯಿತು.

"ಪಾರ್ಸೆಲ್ ಕಂಪನಿಯವರು ಜಾಗ ಕೇಳ್ತಿದ್ದಾರೆ. ಜನ ಫೋನಲ್ಲಿ ತರಿಸಿದ ಡಬ್ಬಿಗಳನ್ನ ಇಟ್ಕೊಳ್ಳೋಕಂತೆ. ಮೂವತ್ತರೊಳಗೆ ಹೇಳಿ ಅಂದಿದ್ದಾರೆ."

ಕೈಯಲ್ಲಿದ್ದ ಧೂಳಿನ ಬಟ್ಟೆಯನ್ನು ಮಡಚಿದೆ.

"ನಿಮ್ಮ ಯಜಮಾನರಿದ್ದಾಗ ಬೆಳಿಗ್ಗೆನೇ ಬಾಗಿಲಲ್ಲಿ ಸಾಲಾಗಿ ಮಿಷನ್ ನಿಂತಿರೋವು. ಮತ್ತೆ ಹಾಗೆ ಜನ ಬಂದ್ರೆ ಅವರಿಗೆ ಇಲ್ಲ ಅಂತೀನಿ. ಅಂಗಡಿ ನಿಮ್ಮದೇ. ಆದ್ರೆ ಸುಮ್ಮನೆ ಷಟರ್ ಎತ್ತಿ ಕೂತಿರೋದು ನಿಮಗೂ ಕಷ್ಟ, ನೋಡೋ ನನಗೂ ಕಷ್ಟ."

ಇಪ್ಪತ್ತಾರು ವರ್ಷದ ಅಂಗಡಿಗೆ ಇನ್ನು ಇಪ್ಪತ್ತೇಳು ದಿನ. ಅಷ್ಟರಲ್ಲಿ ಜನ ಬರಬೇಕು. ಬರಬೇಕಾದರೆ ಆ ಕೆಂಪಕ್ಷರ ಹೋಗಬೇಕು.

ಮಧ್ಯಾಹ್ನ ಆಸ್ಪತ್ರೆಯ ಪಾಳಿ ಮುಗಿಸಿ ಮಗಳು ಬಂದಳು. ನರ್ಸ್ ಕೆಲಸದವಳ ಬೆರಳು ಫೋನಿನ ಮೇಲೂ ಚುರುಕು. ನೋಡುತ್ತಾ ನೋಡುತ್ತಾ ಅವಳ ಮುಖ ಕೆಂಪಾಯಿತು.

"ಯಾರೋ ಒತ್ತಿದ್ದಾರಮ್ಮ. ಅಂಗಡಿ ಮುಚ್ಚಿದೆ ಅಂತ ಹೇಳಿಬಿಟ್ಟಿದ್ದಾರೆ."

"ಯಾರು?"

"ಅದು ತೋರಿಸಲ್ಲ. ಎಂಥಾ ಕೆಟ್ಟ ಮನಸ್ಸು ನೋಡು! ಅಪ್ಪ ಹೋಗಿ ಇನ್ನೂ ಎರಡು ತಿಂಗಳೂ ಆಗಿಲ್ಲ!"

ನಾನು ಟೀ ಇಡುತ್ತೇನೆಂದು ಹಿಂದಕ್ಕೆ ಹೋದೆ. ನೀರು ಕುದಿದು ಅರ್ಧ ಆರುವವರೆಗೂ ನೋಡುತ್ತಾ ನಿಂತಿದ್ದೆ.

ಸೆಪ್ಟೆಂಬರ್ 5, ಶುಕ್ರವಾರ

ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು? ಒತ್ತಿದವಳು ನಾನು.

ನೀವು ಹೋದ ನಾಲ್ಕನೇ ದಿನ. ಮನೆ ತುಂಬ ಜನ. ಬಂದವರೆಲ್ಲ ಹೇಗಾಯಿತು, ಎಷ್ಟು ಹೊತ್ತಿಗಾಯಿತು, ಡಾಕ್ಟರು ಏನೆಂದರು ಎಂದು ಕೇಳಿದರು. ನಾನು ಹೇಳಿದ್ದನ್ನೇ ಹೇಳಿ ಹೇಳಿ, ಕೊನೆಗೆ ಅದು ಯಾರದೋ ಮನೆಯ ಸುದ್ದಿಯ ಹಾಗೆ ಆಗಿಹೋಗಿತ್ತು. ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂತೆ. ಕೈಯಲ್ಲಿ ನಿಮ್ಮ ಫೋನ್. ಅದು ಟಿಣ್ ಎಂದಿತು. ತೆಗೆದರೆ ನೀವು, ಬೋರ್ಡಿನ ಕೆಳಗೆ ನಗುತ್ತಿದ್ದೀರಿ. ನಿಮ್ಮ ಮುಖದ ಕೆಳಗೆ ಒಂದು ಪ್ರಶ್ನೆ: 'ನಮಗೆ ಸಹಾಯ ಮಾಡಿ. ಶಾಶ್ವತವಾಗಿ ಮುಚ್ಚಿದೆಯೇ?' ಅದರ ಕೆಳಗೆ ಮೂರು ಉತ್ತರ. ಹೌದು. ಇಲ್ಲ. ಖಚಿತವಿಲ್ಲ.

ಅಷ್ಟು ಜನರಲ್ಲಿ ಯಾರೂ ಕೇಳದೆ ಇದ್ದುದನ್ನು ಅದು ಕೇಳಿತ್ತು. ಸಹಾಯ ಮಾಡಿ ಎಂದು ಬೇರೆ ಅಂದಿತ್ತು. ಅಷ್ಟು ಮೆತ್ತಗೆ ಕೇಳುವವರು ಯಾರೋ ತಿಳಿದವರೇ ಇರಬೇಕು, ಅವರಿಗೆ ಸುಳ್ಳು ಹೇಳಬಾರದು ಎನಿಸಿತು. ಅಂಗಡಿ ನನ್ನ ನೆನಪಿಗೇ ಬರಲಿಲ್ಲ. ನಿಮ್ಮ ಮುಖ ನೋಡಿದೆ, ಪ್ರಶ್ನೆ ನೋಡಿದೆ, ಹೌದು ಎಂದು ಒತ್ತಿದೆ.

'ಧನ್ಯವಾದಗಳು! ನಿಮ್ಮ ಉತ್ತರದಿಂದ ಬೇರೆಯವರಿಗೆ ನೆರವಾಗುತ್ತದೆ' ಎಂದು ಬಂತು.

ಆವಾಗ ಅತ್ತೆ. ನಾಲ್ಕು ದಿನದಲ್ಲಿ ಅದೇ ಮೊದಲು.

ನಾಳೆ ಮಗಳಿಗೆ ಹೇಳಿಬಿಡುತ್ತೇನೆ.

ಸೆಪ್ಟೆಂಬರ್ 6, ಶನಿವಾರ

ಹೇಳಲಿಲ್ಲ. ಅವಳಿಗೆ ಇವತ್ತು ಎರಡು ಪಾಳಿ.

ಸೆಪ್ಟೆಂಬರ್ 8, ಸೋಮವಾರ

ಅಂಗಡಿ ತೆರೆದಿದೆ ಎಂದು ಮ್ಯಾಪಿನವರನ್ನು ನಂಬಿಸಬೇಕಾದರೆ ವೀಡಿಯೋ ಕಳಿಸಬೇಕಂತೆ. ಬೀದಿ ಕಾಣಬೇಕು, ಬೋರ್ಡು ಕಾಣಬೇಕು, ಬೀಗ ತೆಗೆಯುವುದು ಕಾಣಬೇಕು, ಒಳಗೆ ಕೆಲಸ ನಡೆಯುತ್ತಿರಬೇಕು. ಮಗಳು ಸಿನಿಮಾ ತೆಗೆಯುವವಳ ಹಾಗೆ ಹಿಂದೆ ಹಿಂದೆ ನಡೆದಳು.

"ಅಮ್ಮ, ನಗಬೇಡ. ಅಳಲೂಬೇಡ. ಏನಾದ್ರೂ ರಿಪೇರಿ ಮಾಡು."

"ಏನನ್ನ ಮಾಡಲಿ? ಕೆಟ್ಟಿರೋ ಮಿಷನ್ನೇ ಇಲ್ಲ."

"ಮಾಡಿದ ಹಾಗೆ ಮಾಡು. ಅಯ್ಯೋ, ಸ್ಕ್ರೂಡ್ರೈವರನ್ನ ಸೌಟು ಹಿಡಿದ ಹಾಗೆ ಹಿಡೀಬೇಡ!"

ಎದುರು ಅಂಗಡಿಯ ಬೆಕ್ಕು ನಡುವೆ ಬಂದು ಮಿಷನ್ನಿನ ಹಲಗೆಯ ಮೇಲೆ ಮಲಗಿತು. ಅದನ್ನೂ ಸೇರಿಸಿಯೇ ಕಳಿಸಿದ್ದಾಳೆ.

ಸೆಪ್ಟೆಂಬರ್ 9, ಮಂಗಳವಾರ

'ಪರಿಶೀಲನೆಯಲ್ಲಿದೆ' ಎಂದು ಬಂದಿದೆ. ಯಾರೂ ಬರಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಪರಿಶೀಲನೆಯಲ್ಲಿದೆ. ಒಬ್ಬರು ಬಂದರು. ಪಾರ್ಸೆಲ್ ಅಂಗಡಿ ಇದೇನಾ ಎಂದು ಕೇಳಿ ಹೋದರು.

ಸೆಪ್ಟೆಂಬರ್ 11, ಗುರುವಾರ

ಕೆಲಸವಿಲ್ಲದ ಮಧ್ಯಾಹ್ನ ಬಹಳ ಉದ್ದ. ನಿಮ್ಮ ಫೋನನ್ನು ಒರೆಸುತ್ತಾ ಕೂತವಳು ಅದರ ಒಳಗೇ ಹೋಗಿಬಿಟ್ಟೆ.

ನಿಮ್ಮದೊಂದು ಪದ್ಧತಿ ಇತ್ತಲ್ಲ. ಭಾರದ ಮಿಷನ್ ಹೊತ್ತು ತರಬೇಡಿ, ಅದು ಮಾಡುವ ಸದ್ದನ್ನು ಫೋನಲ್ಲಿ ಹಿಡಿದು ಕಳಿಸಿ ಸಾಕು ಎಂದು ಎಲ್ಲರಿಗೂ ಹೇಳಿದ್ದಿರಿ. ಮೊದಲು ನಗುತ್ತಿದ್ದರು, ಆಮೇಲೆ ಅಭ್ಯಾಸವಾಯಿತು. ಕಣ್ಣು ಮುಚ್ಚಿ ಕೇಳಿ, ಅಲ್ಲೇ ಫೋನಿನೊಳಗೆ ಉತ್ತರ ಹೇಳಿ ಕಳಿಸುತ್ತಿದ್ದಿರಿ. ಮೂರು ವರ್ಷದ್ದು ಎಲ್ಲವೂ ಹಾಗೆಯೇ ಇದೆ. ಒಂದನ್ನು ಒತ್ತಿದರೆ ಯಾರದೋ ಮನೆಯ ಮಿಷನ್ ಕರ್ರ್ ಟಕ್, ಕರ್ರ್ ಟಕ್ ಎನ್ನುತ್ತದೆ. ಹಿಂದೆ ಒಂದು ಮಗು ಅಳುತ್ತದೆ, ಯಾವುದೋ ಬಾಗಿಲು ಬಡಿದುಕೊಳ್ಳುತ್ತದೆ. ಅದರ ಕೆಳಗಿನದನ್ನು ಒತ್ತಿದರೆ ನೀವು.

"ಶಟಲ್ ಒಳಗೆ ದಾರ ಸಿಕ್ಕೊಂಡಿದೆ ತಾಯಿ. ಬಾಬಿನ್ ತೆಗೆದು ಬ್ರಶ್ ಆಡಿಸಿ. ಆಮೇಲೆ ಎಣ್ಣೆ ಒಂದು ಹನಿ. ಒಂದು ಅಂದ್ರೆ ಒಂದೇ, ನಿಮ್ಮ ಕೈ ದೊಡ್ಡದು ಅಂತ ನನಗೆ ಗೊತ್ತು."

ಮೊದಲ ಮೂರನ್ನು ನಿಮ್ಮ ದನಿಗಾಗಿ ಕೇಳಿದೆ. ನಾಲ್ಕನೆಯದರಲ್ಲಿ ಸದ್ದು ಕೇಳಿ ನಿಲ್ಲಿಸಿ, ಇದು ಏನಿರಬಹುದು ಎಂದು ಯೋಚಿಸಿ, ಆಮೇಲೆ ನಿಮ್ಮದನ್ನು ಒತ್ತಿದೆ. ಹೀಗೆ ಒಂಬತ್ತು ಆಯಿತು. ಆರು ಸರಿ ಬಂತು. ಸುಮ್ಮನೆ, ಹೊತ್ತು ಹೋಗಬೇಕಲ್ಲ.

ಸೆಪ್ಟೆಂಬರ್ 13, ಶನಿವಾರ

ಪರಿಶೀಲನೆಯಲ್ಲಿದೆ.

ಇವತ್ತು ಮೂವತ್ತೊಂದು ಸದ್ದು ಕೇಳಿದೆ. ಇಪ್ಪತ್ತಾರು ಸರಿ. ಇನ್ನೊಂದರಲ್ಲಿ ನೀವೇ ತಪ್ಪು ಹೇಳಿದ್ದೀರಿ ಎಂದು ನನಗೆ ಅನುಮಾನ. ಅದು ಬೆಲ್ಟಲ್ಲ.

ಸೆಪ್ಟೆಂಬರ್ 15, ಸೋಮವಾರ

ಗುಂಡಿ ಅಜ್ಜಿ ಬಂದಿದ್ದಳು. ಮೂರು ಬೀದಿ ಆಚೆ ಮನೆಯ ಬಾಗಿಲಲ್ಲೇ ಮಿಷನ್ ಇಟ್ಟುಕೊಂಡು, ಊರಿನವರ ಬಟ್ಟೆಗೆಲ್ಲ ಅಂಚು ಮಡಚಿ ಗುಂಡಿ ಹಾಕಿಕೊಟ್ಟು ಒಂಟಿಯಾಗಿ ಬದುಕಿದವಳು. ಆ ಮಿಷನ್ನಿಗೆ ನಿಮ್ಮ ಕೈ ಬಿಟ್ಟರೆ ಬೇರೆ ಕೈ ತಾಗಿದ್ದಿಲ್ಲ. ಕೋಲೂರಿಕೊಂಡು ಬಂದು ಬೆಂಚಿನ ಮೇಲೆ ಕೂತಳು.

"ಇಷ್ಟು ತಡವಾಗಿ ಬಂದೆ ಅಂತ ಬೈಬೇಡ ಮಗಳೇ. ಅಂಗಡಿ ತೆಗೆದಿದೆ ಅಂತ ನಿನ್ನೆ ತಾನೆ ಗೊತ್ತಾಯ್ತು."

"ಬಂದ್ರಲ್ಲ, ಸಾಕು. ಮಿಷನ್ ಹೇಗಿದೆ?"

"ಕೊಟ್ಟುಬಿಟ್ಟೆ."

"ಯಾರಿಗೆ?"

"ಗುಜರಿಯವನಿಗೆ. ಪೆಡಲ್ ತುಂಬಾ ಬಿಗಿಯಾಗಿತ್ತು, ನನ್ನ ಕಾಲಿಗೆ ಆಗ್ತಿರಲಿಲ್ಲ. ಮೇಲಿನ ಮನೆ ಹುಡುಗಿಗೆ ಅಂಗಡಿ ತೆಗೆದಿದೆಯಾ ನೋಡೇ ಅಂದೆ. ಅವಳು ಫೋನ್ ನೋಡಿ, ಶಾಶ್ವತವಾಗಿ ಮುಚ್ಚಿದೆ ಅಜ್ಜಿ ಅಂತ ಓದಿದ್ಲು. ಶಾಶ್ವತವಾಗಿ ಅಂದ್ಮೇಲೆ ಇನ್ನೇನು ಕಾಯೋದು? ಹೋದ ವಾರ ಗಾಡಿ ಬಂದಿತ್ತು. ಎತ್ತಿ ಹಾಕ್ಕೊಂಡು ಹೋದ."

ಮಡಿಲಿನಿಂದ ಒಂದು ಪೊಟ್ಟಣ ತೆಗೆದಳು. ದಾರ ಸುತ್ತುವ ಐದು ಬಾಬಿನ್, ನೀವು ಕೊಟ್ಟಿದ್ದ ಬ್ರಶ್ಶು. "ಇವು ಯಾರಿಗಾದ್ರೂ ಆಗುತ್ತೆ, ಇಟ್ಕೋ."

"ಅಜ್ಜಿ, ಅದು ಎಂಥಾ ಸದ್ದು ಮಾಡ್ತಿತ್ತು?"

ಅವಳು ಬಾಯಲ್ಲೇ ಮಾಡಿ ತೋರಿಸಿದಳು. ಗುಂಯ್... ಗುಂಯ್... ಟಪ್. ಗುಂಯ್... ಗುಂಯ್... ಟಪ್.

ಪೆಡಲಿನಿಂದ ಚಕ್ರಕ್ಕೆ ಹೋಗುವ ಕಂಬಿಯ ಕೆಳತುದಿ ಒಣಗಿದೆ. ಎರಡು ಹನಿ ಎಣ್ಣೆ. ಅಷ್ಟೇ ಇದ್ದದ್ದು.

ನಾನು ಅದನ್ನು ಹೇಳಲಿಲ್ಲ. ಇನ್ನೊಂದನ್ನೂ ಹೇಳಲಿಲ್ಲ. ಕೈ ಹಿಡಿದು ರಸ್ತೆ ದಾಟಿಸಿ ಬಂದೆ. ಇನ್ನು ಹಗಲೆಲ್ಲ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, "ಕೂತಿರ್ತೀನಿ" ಅಂದಳು.

ಸೆಪ್ಟೆಂಬರ್ 18, ಗುರುವಾರ

ಕಾಲರ್ ತನ್ನ ಮಿಷನ್ನಿನ ತಲೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಮಗುವನ್ನು ತಂದ ಹಾಗೆ ಎದೆಗೊತ್ತಿಕೊಂಡು ತಂದ.

"ಹೊಲಿಗೆ ಬಿಟ್ಟು ಬಿಟ್ಟು ಬೀಳ್ತಿದೆ ಅಕ್ಕ. ನೀವೇನೂ ಮಾಡೋದು ಬೇಡ, ಇಲ್ಲಿಟ್ಟಿರ್ತೀನಿ. ನಾಳೆ ಶೋರೂಮಿಗೆ ತಗೊಂಡು ಹೋಗ್ತೀನಿ."

ಮರದ ಸ್ಕೇಲಿನ ಒಂದು ತುದಿ ಮಿಷನ್ನಿಗೆ, ಇನ್ನೊಂದು ಕಿವಿಗೆ ಹಚ್ಚಿ ಚಕ್ರವನ್ನು ಕೈಯಲ್ಲೇ ತಿರುಗಿಸಿದೆ. ಸೂಜಿ ಹಿಡಿಯುವ ಕಂಬಿ ಕೂದಲೆಳೆಯಷ್ಟು ಮೇಲಕ್ಕೆ ಜಾರಿತ್ತು. ಸ್ಕ್ರೂ ಸಡಿಲಿಸಿ, ಇಳಿಸಿ, ಬಿಗಿ ಮಾಡಿದೆ. ಅದಕ್ಕಿಂತ ಹೆಚ್ಚಿಗೆ ನಾನೇನೂ ಮಾಡಿಲ್ಲ.

ಕಾಲರ್ ಒಂದು ಚಿಂದಿಯ ಮೇಲೆ ಹೊಲಿದು ನೋಡಿದ. ತಿರುಗಿಸಿ ನೋಡಿದ. ಮತ್ತೆ ತಿರುಗಿಸಿ ನೋಡಿದ.

"ಇದನ್ನ ಯಾರು ಮಾಡಿದ್ದು?"

"ಕಣ್ಣು ಹೋಗಿದೆಯೇನೋ? ನಿನ್ನೆದುರಿಗೇ ತಾನೆ ಕೂತಿದ್ದೀನಿ."

ಅದೇ ಚಿಂದಿಯಿಂದ ಕಣ್ಣು ಒರೆಸಿಕೊಂಡು, ಧೂಳು ಹೋಯಿತು ಅಂದ. ಅವನು ಹೋದ ಮೇಲೆ ನೋಡಿಕೊಂಡರೆ ನಾನು ಯಜಮಾನರ ಸ್ಟೂಲಿನ ಮೇಲೆ ಕೂತಿದ್ದೆ. ಬೆಂಚಿನಿಂದ ಕೈ ಎಟುಕುವುದಿಲ್ಲ, ಅದಕ್ಕೇ ಇರಬೇಕು.

ಸೆಪ್ಟೆಂಬರ್ 20, ಶನಿವಾರ

ಕಾಲರ್ ಸಾಲಿನ ಅಂಗಡಿಗಳಿಗೆಲ್ಲ ಹೇಳಿ ಬಂದಿದ್ದಾನೆ. ಇವತ್ತು ಮೂರು ಮಿಷನ್. ಬರೆಯಲು ಪುರುಸೊತ್ತಿಲ್ಲ.

ಸೆಪ್ಟೆಂಬರ್ 22, ಸೋಮವಾರ

ಮ್ಯಾಪಿನವರು ಒಪ್ಪಲಿಲ್ಲ. 'ವೀಡಿಯೋದಲ್ಲಿ ಮಾಲೀಕರು ಕಾಣಿಸುತ್ತಿಲ್ಲ' ಎಂದು ಬರೆದಿದ್ದಾರೆ. ಅಂಗಡಿ ಯಜಮಾನರ ಹೆಸರಿನಲ್ಲಿರುವುದು.

"ಮಾಲೀಕರು ಎಲ್ಲಿ ಅಂತ ಕೇಳ್ತಾರಲ್ಲ! ಎಲ್ಲಿಂದ ತಂದು ತೋರಿಸ್ಲಿ?" ಎಂದು ಮಗಳು ಫೋನಿಗೆ ಬೈದಳು. ಫ್ಯಾನು ತಿರುಗುತ್ತಿತ್ತು.

ಕಾಗದಪತ್ರ ಜೋಡಿಸಿ, ಬೇರೆ ವೀಡಿಯೋ ತೆಗೆದು ಮತ್ತೆ ಕಳಿಸಿದಳು. ಈ ಸಲ ತೆಗೆದದ್ದು ನನಗೆ ಗೊತ್ತೇ ಆಗಲಿಲ್ಲ. ಬಟ್ಟೆಯನ್ನು ಮುಂದಕ್ಕೆ ದೂಡುವ ಫೀಡಿನ ಹಲ್ಲು ಬಿಚ್ಚಿ ಕೂತಿದ್ದೆ.

ಎರಡು ಬೀದಿಯವರು ಮಾತ್ರ ಬಾಯಿಂದ ಬಾಯಿಗೆ ಕೇಳಿ ಬರುತ್ತಿದ್ದಾರೆ. ದೂರದವರಿಗೆಲ್ಲ ನಾವು ಮುಚ್ಚಿದವರೇ. ಆದರೂ ಇನ್ನು ಎಂಟು ದಿನವಿದೆ. ಮೇಷ್ಟ್ರು ಇವತ್ತು ಹಾದುಹೋಗುವಾಗ ಸಾಲಿನಲ್ಲಿದ್ದ ಮಿಷನ್ನುಗಳನ್ನು ಎಣಿಸಿದ ಹಾಗೆ ಕಂಡಿತು.

ಕಾಲರ್ ಮಾತ್ರ ಬಿಡುತ್ತಿಲ್ಲ. "ಇದು ಯಾರ ಕೈವಾಡ ಅಂತ ಪತ್ತೆ ಮಾಡ್ದೆ ಇರಲ್ಲ ಅಕ್ಕ. ಅಂಗಡಿ ಖಾಲಿಯಾದ್ರೆ ಯಾರಿಗೆ ಅನುಕೂಲ, ಹೇಳಿ?"

"ಬಿಡು ಅದನ್ನ" ಅಂದೆ. ಅಷ್ಟೇ ಅಂದೆ.

ಸೆಪ್ಟೆಂಬರ್ 24, ಬುಧವಾರ

ಹನ್ನೊಂದು ಗಂಟೆಗೆ ಮೇಷ್ಟ್ರು ಪೇಪರ್ ಮಡಚಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಕೆಳಗೆ ಕಾಲರ್, ಮಿಷನ್ ತಂದಿದ್ದ ನಾಲ್ಕೈದು ಜನ.

"ಮೇಷ್ಟ್ರೇ, ಪಾರ್ಸೆಲ್ ಕಂಪನಿಯವರು ಸಿಕ್ಕಿದ್ರು ಅಂತ ಸತ್ತೋರ ಅಂಗಡಿಗೆ ಫೋನಲ್ಲೇ ಬೀಗ ಜಡಿದುಬಿಟ್ರಾ?" ಎಂದು ಕೇಳಿದ ಕಾಲರ್.

"ಏನಂದೆ?"

"ಮುಚ್ಚಿದೆ ಅಂತ ಒತ್ತಿದೋರು ನೀವೇ ಅಲ್ವಾ? ಮಕ್ಕಳಿಗೆ ಅಕ್ಷರ ತಿದ್ದಿಸಿದ ಬೆರಳಲ್ಲೇ ಒತ್ತಿದ್ರಾ?"

"ನಾನಾ?" ಅಂದರು ಮೇಷ್ಟ್ರು. ಮೂರನೇ ಮೆಟ್ಟಿಲ ಮೇಲೆ ನಿಂತೇ ಇದ್ದರು. ಸುತ್ತ ಇದ್ದವರೆಲ್ಲ ಅವರ ಮುಖವನ್ನೇ ನೋಡಿದರು. ಅವರು ನನ್ನನ್ನು ನೋಡಿದರು.

ನನ್ನ ಹಲ್ಲುಗಳ ನಡುವೆ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ನಿನ ಸಣ್ಣ ಸ್ಕ್ರೂ ಇತ್ತು. ಕೆಳಗೆ ಬಿದ್ದರೆ ಸಿಗುವುದಿಲ್ಲ ಎಂದು ಕಚ್ಚಿ ಹಿಡಿದಿದ್ದೆ. ಬಾಯಿ ಬಿಡುವ ಹಾಗಿರಲಿಲ್ಲ.

ತೆಗೆದು ಅಂಗೈಯಲ್ಲಿ ಇಟ್ಟುಕೊಳ್ಳಬಹುದಿತ್ತು.

ಸೆಪ್ಟೆಂಬರ್ 25, ಗುರುವಾರ

ಮೇಷ್ಟ್ರು ಬಂದರು. ಗಂಟಲು ಸರಿಮಾಡಿಕೊಳ್ಳಲಿಲ್ಲ.

"ಪಾರ್ಸೆಲ್‌ನೋರಿಗೆ ಆಗಲಿ ಅಂತ ಬೆಳಿಗ್ಗೆನೇ ಹೇಳಿಬಿಟ್ಟೆ. ಮೂವತ್ತಕ್ಕೆ ಖಾಲಿ ಮಾಡಿಕೊಡಿ."

"ಮೇಷ್ಟ್ರೇ, ಈಗ ದಿನಾ ಮೂರು ನಾಲ್ಕು ಮಿಷನ್ ಬರ್ತಿವೆ..."

"ಗೊತ್ತು. ಮೇಲಿಂದ ಸದ್ದು ಕೇಳ್ತಿದ್ದೆ. ಅವರಿಗೆ ಇಲ್ಲ ಅಂತಾನೇ ಹೇಳೋನಿದ್ದೆ, ನಿನ್ನೆವರೆಗೂ." ಸ್ವಲ್ಪ ಹೊತ್ತು ಬೋರ್ಡನ್ನು ನೋಡಿದರು. "ಮೂವತ್ತೈದು ವರ್ಷ ಈ ಊರಲ್ಲಿ ಪಾಠ ಹೇಳಿದ್ದೀನಿ. ಅಲ್ಲಿ ನಿಂತಿದ್ದೋರಲ್ಲಿ ಇಬ್ಬರು ನನ್ನ ಕೈಲಿ ಓದಿದೋರು. ಮೇಷ್ಟ್ರು ಅಂಥೋರಲ್ಲ ಅಂತ ಒಬ್ಬರೂ ಅನ್ನಲಿಲ್ಲ. ನೀವೂ ಅನ್ನಲಿಲ್ಲ."



ಸೆಪ್ಟೆಂಬರ್ 27, ಶನಿವಾರ

ಮಧ್ಯಾಹ್ನ ಮೇಷ್ಟ್ರ ಮನೆಗೆ ಹತ್ತಿಹೋದೆ. ಇಪ್ಪತ್ತಾರು ವರ್ಷದಲ್ಲಿ ಆ ಮೆಟ್ಟಿಲು ಹತ್ತಿದ್ದು ಎರಡು ಸಲ. ಒಮ್ಮೆ ಅವರ ಹೆಂಡತಿ ತೀರಿಕೊಂಡಾಗ, ಈಗ ಒಮ್ಮೆ. ಮೇಷ್ಟ್ರು ಕಿಟಕಿಯ ಹತ್ತಿರ ಅಂಗಿ ಇಸ್ತ್ರಿ ಮಾಡಿಕೊಳ್ಳುತ್ತಿದ್ದರು.

ನಿಂತುಕೊಂಡೇ ಎಲ್ಲ ಹೇಳಿದೆ. ಹಿತ್ತಿಲ ಮೆಟ್ಟಿಲು, ಯಜಮಾನರ ಮುಖದ ಕೆಳಗಿದ್ದ ಪ್ರಶ್ನೆ, ನನ್ನ ಬೆರಳು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೇಳಿದರು.

"ಮಾತು ಕೊಟ್ಟಾಗಿದೆಯಲ್ಲ" ಅಂದರು ಕೊನೆಗೆ.

"ಅಂಗಡಿ ವಾಪಸ್ ಕೇಳೋಕೆ ಬಂದಿಲ್ಲ."

"ಮತ್ತೆ?"

"ನೀವಲ್ಲ ಅಂತ ಹೇಳೋಕೆ ಬಂದೆ."

"ನಾನಲ್ಲ ಅಂತ ನನಗೆ ಗೊತ್ತಿದೆಯಲ್ಲಮ್ಮ. ಗೊತ್ತಿಲ್ಲದೆ ಇರೋದು ಕೆಳಗಿನವರಿಗೆ."

ತಲೆ ತಗ್ಗಿಸಿ ಬಾಗಿಲವರೆಗೆ ಬಂದಿದ್ದೆ. ಹಿಂದಿನಿಂದ ಮೆತ್ತಗೆ ಹೇಳಿದರು:

"ನನ್ನಾಕೆ ಹೋದಾಗ ನನ್ನ ಫೋನೂ ಏನೇನೋ ಕೇಳ್ತಿತ್ತು. ಅವಳ ನಂಬರ್ ತೆಗೀಲಾ, ಅವಳ ಫೋಟೋ ತೆಗೀಲಾ ಅಂತ. ನಾನು ಎಲ್ಲದಕ್ಕೂ ಇಲ್ಲ ಅಂತ ಒತ್ತಿದೆ. ಈಗಲೂ ಅವಳ ಹುಟ್ಟಿದ ದಿನಕ್ಕೆ ಶುಭಾಶಯ ಹೇಳು ಅನ್ನುತ್ತೆ. ಯಾವುದನ್ನ ಒತ್ತಿದ್ರೆ ಸರಿ ಅಂತ ನನಗೂ ಗೊತ್ತಿಲ್ಲ."

ಸೆಪ್ಟೆಂಬರ್ 30, ಮಂಗಳವಾರ

ಖಾಲಿ ಮಾಡಿಯಾಯಿತು. ಕೆಲಸದ ಮೇಜು ಹಿಂದಿನ ಬೀದಿಯ ನಮ್ಮ ಮನೆಯ ಮುಂಗೋಣೆಗೆ ಹೋಯಿತು. ಕಿಟಕಿಯ ಕೆಳಗೆ ಹಿಡಿಸಿತು, ಆದರೆ ಅದರ ಪಕ್ಕ ಎರಡು ಮಿಷನ್ನಿಗಿಂತ ಹೆಚ್ಚು ನಿಲ್ಲುವುದಿಲ್ಲ. ಅಂಗಡಿಯ ಗೋಡೆಯ ಮೇಲೆ ಮಾತ್ರ ಸ್ಕ್ರೂಡ್ರೈವರುಗಳು ನೇತಾಡುತ್ತಿದ್ದ ಜಾಗದಲ್ಲಿ ಬೆಳ್ಳಗಿನ ಗುರುತು ಉಳಿಯಿತು. ಸಣ್ಣದರಿಂದ ದೊಡ್ಡದಕ್ಕೆ, ಹನ್ನೊಂದು. ಒರೆಸಿದರೂ ಹೋಗಲಿಲ್ಲ.

ಮೇಜು ಹೊರಲು ಕಾಲರ್ ಬಂದಿದ್ದ. ಮಗಳು ರಜೆ ಹಾಕಿದ್ದಳು. ಗುಂಡಿ ಅಜ್ಜಿ ಏನೂ ಹೊರಲಾಗದಿದ್ದರೂ ಬಂದು ಕೂತಿದ್ದಳು. ಮೇಷ್ಟ್ರನ್ನು ನಾನೇ ಕರೆದಿದ್ದೆ. ಬರುವುದಿಲ್ಲ ಎಂದವರು ಬಂದು ಮೂರನೇ ಮೆಟ್ಟಿಲ ಮೇಲೆ ನಿಂತರು. ಕಾಲರ್ ಅವರ ಕಡೆ ಬೆನ್ನು ಮಾಡಿದ.

ನಾಲ್ಕು ಗಂಟೆಗೆ ಮಗಳ ಫೋನ್ ಸದ್ದು ಮಾಡಿತು. ಓದಿ ಅವಳು ಅಲ್ಲೇ ನೆಲದ ಮೇಲೆ ಕೂತಳು.

"ಒಪ್ಪಿಗೆ ಬಂದಿದೆಯಮ್ಮ. 'ನಿಮ್ಮ ಸ್ಥಳ ತೆರೆದಿದೆ ಎಂದು ಈಗ ಎಲ್ಲರಿಗೂ ಕಾಣಿಸುತ್ತದೆ.'"

ಕಾಲರ್ ನಕ್ಕ, ಕೆಟ್ಟದಾಗಿ. "ಈಗ ಬಂದು ಏನು ಬಂತು? ಮಾಡಬೇಕಾದೋರು ಮಾಡಿ ಮುಗಿಸಿದ್ರು."

ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಕೂತೆ. "ಎಲ್ಲ ಸ್ವಲ್ಪ ಕೂತ್ಕೊಳ್ಳಿ. ಒಂದು ವಿಷಯ ಹೇಳ್ತೀನಿ. ಮುಗಿಯೋವರೆಗೂ ಯಾರೂ ಮಾತಾಡಬೇಡಿ, ಮಾತಾಡಿದ್ರೆ ನನ್ನಿಂದ ಆಗಲ್ಲ."

ಏನನ್ನೂ ಬಿಡದೆ ಹೇಳಿದೆ. ಒತ್ತಿದ್ದು, ಒತ್ತಿ ಹಗುರವಾಗಿದ್ದು, ಕಾಲರ್ ಬಂದು ಹೇಳಿದಾಗಲೇ ಇದು ನನ್ನದೇ ಕೆಲಸವಿರಬೇಕು ಅನ್ನಿಸಿದ್ದು, ಮಗಳು ಶಾಪ ಹಾಕುವಾಗ ಟೀ ಇಡಲು ಹೋದದ್ದು, ಬಾಯಲ್ಲಿ ಸ್ಕ್ರೂ ಇದೆಯೆಂದು ಸುಮ್ಮನಿದ್ದದ್ದು. ಗುಂಡಿ ಅಜ್ಜಿಯ ಮಿಷನ್ನಿಗೆ ಏನು ಬೇಕಿತ್ತು ಎಂಬುದನ್ನೂ ಹೇಳಿದೆ.

ಮಗಳು ಫೋನನ್ನು ನೆಲದ ಮೇಲೆ ಬೋರಲಾಗಿ ಇಟ್ಟಳು. ಕಾಲರ್ ಹಗ್ಗದ ತುದಿಯನ್ನು ಬಿಚ್ಚುತ್ತಾ ಕೂತ. ಮೇಷ್ಟ್ರು ಕನ್ನಡಕ ತೆಗೆದರು, ಒರೆಸಲಿಲ್ಲ.

ಅಜ್ಜಿಯೊಬ್ಬಳೇ ಮಾತಾಡಿದ್ದು.

"ಎರಡು ಹನಿಯಾ?"

"ಎರಡು ಹನಿ ಅಜ್ಜಿ."

ಅವಳು ಕೋಲು ಹುಡುಕಿ ಎದ್ದಳು. ನಾನು ಷಟರ್ ಎಳೆದೆ.

ಅಕ್ಟೋಬರ್ 1, ಬುಧವಾರ

ಇವತ್ತು ಬೆಳಿಗ್ಗೆ ಕಾಲರ್ ತನ್ನ ಅಂಗಡಿ ತೆರೆಯಲಿಲ್ಲ. ಆರೂವರೆಗೇ ಹೋಗಿ ಮೇಷ್ಟ್ರ ಮೆಟ್ಟಿಲ ಕೆಳಗೆ ನಿಂತಿದ್ದನಂತೆ. ಅವರು ಹಾಲು ತರಲು ಇಳಿದಾಗ ಏನೋ ಹೇಳಲು ಹೋಗಿ ಹೇಳಲಾಗದೆ, ಅವರ ಕೈಯಿಂದ ಚೀಲ ಕಿತ್ತುಕೊಂಡು ತಾನೇ ಹೋಗಿ ಹಾಲು ತಂದುಕೊಟ್ಟನಂತೆ. ಮೇಷ್ಟ್ರು, "ಇವತ್ತು ಎರಡು ಪ್ಯಾಕೆಟ್ ಬೇಕಿತ್ತು" ಅಂದರಂತೆ. ಮತ್ತೆ ಓಡಿ ಹೋದನಂತೆ.

ಮಗಳು ಕೆಲಸಕ್ಕೆ ಹೊರಡುವ ಮುಂಚೆ ಮ್ಯಾಪಿನಲ್ಲಿ ಚುಕ್ಕೆಯನ್ನು ಅಂಗಡಿಯಿಂದ ತೆಗೆದು ಮನೆಯ ಮೇಲೆ ಇಟ್ಟಳು. ಮಾಲೀಕರು ಎಂಬಲ್ಲಿ ನನ್ನ ಹೆಸರು ಹಾಕಿದ್ದಳು. ಕೊನೆಯದನ್ನು ನೀನೇ ಒತ್ತು ಎಂದು ನನ್ನ ಕೈಗೆ ಕೊಟ್ಟಳು. 'ಈ ವಿವರ ಸರಿಯಾಗಿದೆಯೇ?' ಎಂಬ ಪ್ರಶ್ನೆಯನ್ನು ಗಟ್ಟಿಯಾಗಿ ಮೂರು ಸಲ ಓದಿ ಹೌದು ಎಂದು ಒತ್ತಿದೆ. ಅವಳು ನಗಲಿಲ್ಲ. ಹೋಗುವಾಗ ನನ್ನ ತಲೆ ಸವರಿ ಹೋದಳು, ನಾನು ಅವಳ ಮಗಳೇನೋ ಎಂಬ ಹಾಗೆ.

ಒಂಬತ್ತಕ್ಕೆ ಮೇಷ್ಟ್ರು ಕಾಲರ್ ಕೈಲಿ ಒಂದು ಮಿಷನ್ ಹೊರಿಸಿಕೊಂಡು ಬಂದರು. ಅವರ ಹೆಂಡತಿಯದು. "ಅಟ್ಟದ ಮೇಲಿತ್ತು. ಓಡ್ತಾ ಇಲ್ಲ" ಅಂದರು. ಅವರು ಹೋದ ಮೇಲೆ ಮುಚ್ಚಳ ತೆಗೆದು ನೋಡಿದೆ. ಒಳಗೆ ಎಲ್ಲ ಚೊಕ್ಕಟ, ಎಣ್ಣೆಯ ಪಸೆ ಹಾಗೇ ಇದೆ. ಒಂದು ಸ್ಕ್ರೂ ಮಾತ್ರ ಪೂರ್ತಿ ಸಡಿಲ. ಅದರ ತಲೆಯ ಮೇಲೆ ಅಡುಗೆಮನೆಯ ಚಾಕು ಜಾರಿದ ಹೊಸ ಗೀರು, ಇನ್ನೂ ಹೊಳೆಯುತ್ತಿತ್ತು. ಎರಡು ದಿನದ ಕೆಲಸವಿದೆ ಎಂದು ಹೇಳಿ ಕಳಿಸಿದೆ.

ಗುಂಡಿ ಅಜ್ಜಿ ಬಂದದ್ದು ಹನ್ನೆರಡರ ಮೇಲೆ. ಬೆಳಿಗ್ಗೆ ಬೆಳಕು ಹರಿಯುತ್ತಲೇ ಮೊದಲ ಬಸ್ಸು ಹತ್ತಿ, ಊರಾಚೆಯ ಗುಜರಿ ಅಂಗಳಕ್ಕೆ ಹೋಗಿದ್ದಳು. ಸೆರಗಿನ ಅಂಚು ಹರಿದಿತ್ತು. ಮಿಷನ್ ಸಿಕ್ಕಿತಾ ಎಂದು ನಾನು ಕೇಳಲಿಲ್ಲ. ಕಿಟಕಿಯ ಕೆಳಗೆ ಕೂತು ಖಾಲಿ ಕೈ ಎರಡನ್ನೂ ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡಳು. ಅಂಗೈ, ಬೆರಳ ಸಂದು, ಉಗುರಿನ ಒಳಗೆಲ್ಲ ತುಕ್ಕಿನಿಂದ ಕೆಂಪಗಾಗಿತ್ತು.

ನೀರು ತಂದು, ಸೋಪು ಹಚ್ಚಿ, ಒಂದೊಂದೇ ಬೆರಳನ್ನು ತೊಳೆದೆ.